ಬ್ರೂಸ್ ಏಮ್ಸ್ ಮಾತು ಬದಲಿಸಿದರಾ, ಇಲ್ಲ ನನಗೇ ಅರ್ಥ ಆಗಿಲ್ವಾ?

ಎರಡನೇ_ವರ್ಷ:
ಎಲ್ಲರಿಗೂ ನಮಸ್ಕಾರ. ಮೈಕ್ರೋಬಯಾಲಜಿ ಓದುತ್ತಿದ್ದೇನೆ. ಮುಂದಿನ ವಾರ ಸೆಮಿನಾರ್ ಇದೆ. ವಿಷಯ ನಾನೇ ಕೇಳಿ ತೆಗೆದುಕೊಂಡದ್ದು: ಅಮೆರಿಕದ ಜೀವರಸಾಯನ ವಿಜ್ಞಾನಿ ಬ್ರೂಸ್ ಏಮ್ಸ್ ಮತ್ತು ಅವರ ಏಮ್ಸ್ ಟೆಸ್ಟ್. ಸುಲಭ ಅಂದುಕೊಂಡಿದ್ದೆ. ಈಗ ಸಿಕ್ಕಿಹಾಕಿಕೊಂಡಿದ್ದೇನೆ.

ಕಥೆಯ ಮೊದಲರ್ಧ ಸೊಗಸಾಗಿದೆ. 1973ರಲ್ಲಿ ಬರ್ಕ್ಲಿಯಲ್ಲಿ ಕೂತು, ಬ್ಯಾಕ್ಟೀರಿಯಾ ಮತ್ತು ಇಲಿಯ ಲಿವರ್ ರಸ ಇಟ್ಟುಕೊಂಡು, ಯಾವ ರಾಸಾಯನಿಕ ಡಿಎನ್‌ಎ ಕೆಡಿಸುತ್ತದೆ ಎಂದು ಎರಡು ದಿನದಲ್ಲಿ ಹೇಳುವ ವಿಧಾನ ಕೊಟ್ಟರು. ಅದಕ್ಕೆ ಪೇಟೆಂಟ್ ಮಾಡಿಸಲಿಲ್ಲ. ಕೇಳಿದ ಲ್ಯಾಬ್‌ಗಳಿಗೆಲ್ಲ ಬ್ಯಾಕ್ಟೀರಿಯಾ ಕಳಿಸಿಕೊಟ್ಟರು. 1975ರಲ್ಲಿ 169 ಹೇರ್ ಡೈ ಪರೀಕ್ಷಿಸಿದಾಗ ಅವುಗಳಲ್ಲಿ 150 ಡೈಗಳು ಮ್ಯುಟೇಷನ್, ಅಂದರೆ ಜೀನ್‌ನಲ್ಲಿ ಶಾಶ್ವತ ಬದಲಾವಣೆ, ತಂದವು. 1977ರಲ್ಲಿ ಅಮೆರಿಕದಲ್ಲಿ ಮಕ್ಕಳ ಪೈಜಾಮಗೆ ಬೆಂಕಿ ತಗುಲದಿರಲಿ ಎಂದು ಹಾಕುತ್ತಿದ್ದ 'ಟ್ರಿಸ್' ಬಗ್ಗೆ ಎಚ್ಚರಿಸಿದರು, ಅದೇ ವರ್ಷ ಅದು ನಿಷೇಧ ಆಯಿತು.

ಎರಡನೇ ಅರ್ಧಕ್ಕೆ ಬಂದರೆ ತಲೆ ಕೆಡುತ್ತದೆ. 1990ರಲ್ಲಿ ಇದೇ ಮನುಷ್ಯ, ನಾವು ತಿನ್ನುವ ಕೀಟನಾಶಕಗಳಲ್ಲಿ ಶೇ 99.99 ಗಿಡಗಳೇ ತಯಾರಿಸಿಕೊಂಡವು, ಕಂಪನಿಯವರು ಸಿಂಪಡಿಸಿದ್ದಕ್ಕೆ ಇಷ್ಟು ಹೆದರಬೇಡಿ ಎನ್ನುತ್ತಾರೆ. ಒಂದು ಕಪ್ ಕಾಫಿಯ ಲೆಕ್ಕ ಬೇರೆ ಕೊಡುತ್ತಾರೆ. ನನ್ನ ಕ್ಲಾಸ್‌ಮೇಟ್ 'ಮಾರಿಕೊಂಡ ಕಣೋ' ಎಂದು ಒಂದೇ ಮಾತಲ್ಲಿ ಮುಗಿಸಿದ. ಹಾಗೇನಾ? ಕೊನೆಯ ಸ್ಲೈಡ್‌ನಲ್ಲಿ ಏನು ಹಾಕಲಿ?

ಸುಮ್ನೆ_ನೋಡುವವ:
ಕಾಫಿ ಕುಡಿಯುತ್ತಾ ಓದುತ್ತಿದ್ದೆ. ಕಪ್ ಕೆಳಗಿಟ್ಟಿದ್ದೇನೆ. ಯಾರಾದರೂ ಬೇಗ ಉತ್ತರ ಕೊಡಿ, ಆರಿಹೋಗುತ್ತದೆ.

ಹಳೇ_ಅಗರ್:
ತಮ್ಮಾ, ನಾನು ಹದಿನಾಲ್ಕು ವರ್ಷ ಈ ಟೆಸ್ಟ್ ಮಾಡಿ ಹೊಟ್ಟೆ ಹೊರೆದವನು. ಮೊದಲು ಟೆಸ್ಟ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎನ್ನುವುದು ಗಟ್ಟಿ ಮಾಡಿಕೊ. ನಿನ್ನ ಪ್ರಶ್ನೆಯ ಅರ್ಧ ಅಲ್ಲೇ ಇದೆ.

ಸಾಮಾನ್ಯ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ತನಗೆ ಬೇಕಾದ ಹಿಸ್ಟಿಡಿನ್ (ಪ್ರೋಟೀನ್ ಕಟ್ಟಲು ಬೇಕಾದ ಒಂದು ಅಮೈನೋ ಆಮ್ಲ) ತಾನೇ ಮಾಡಿಕೊಳ್ಳುತ್ತದೆ. ಏಮ್ಸ್ ಬಳಸಿದ್ದು ಆ ಜೀನ್ ಕೆಟ್ಟುಹೋದ ತಳಿ. ಹಿಸ್ಟಿಡಿನ್ ಕೊಡದಿದ್ದರೆ ಬೆಳೆಯುವುದಿಲ್ಲ. ಒಂದು ಪ್ಲೇಟ್‌ಗೆ ಸುಮಾರು 10 ಕೋಟಿ ಬ್ಯಾಕ್ಟೀರಿಯಾ ಸುರಿಯುತ್ತೇವೆ, ಜೊತೆಗೆ ಅನುಮಾನದ ರಾಸಾಯನಿಕ. ಅದು ಡಿಎನ್‌ಎಗೆ ಪೆಟ್ಟು ಕೊಡುವಂಥದ್ದಾದರೆ, ಅಷ್ಟು ಕೋಟಿಯಲ್ಲಿ ಕೆಲವದರಲ್ಲಿ ಕೆಟ್ಟ ಜೀನ್ ಆಕಸ್ಮಿಕವಾಗಿ ಸರಿಹೋಗುತ್ತದೆ. ಅವು ಮಾತ್ರ ಬೆಳೆದು ಕಣ್ಣಿಗೆ ಕಾಣುವ ಕಾಲೊನಿ ಆಗುತ್ತವೆ. 37 ಡಿಗ್ರಿಯಲ್ಲಿ 48 ಗಂಟೆ ಇಟ್ಟು ಎಣಿಸುವುದು, ಅಷ್ಟೇ. ಕೆಟ್ಟದ್ದು ಮತ್ತೆ ಕೆಟ್ಟು ಸರಿಯಾಗುವುದನ್ನು ಎಣಿಸುವ ಆಟ ಇದು. ನನಗೆ ಇವತ್ತಿಗೂ ಇದರ ಜಾಣತನ ನೋಡಿದರೆ ಖುಷಿ.

ಇನ್ನೂ ಚುರುಕಾಗಲಿ ಎಂದು ಏಮ್ಸ್ ಆ ಬ್ಯಾಕ್ಟೀರಿಯಾವನ್ನು ಮೂರು ಕಡೆ ಬಡಪಾಯಿ ಮಾಡಿದರು. ಹೊರಗೋಡೆ ಸಡಿಲ ಮಾಡಿದರು, ದೊಡ್ಡ ಅಣುಗಳೂ ಒಳಗೆ ಹೋಗಲಿ ಎಂದು. ಡಿಎನ್‌ಎ ರಿಪೇರಿ ಮಾಡುವ ಒಂದು ವ್ಯವಸ್ಥೆಯನ್ನೇ ಕಿತ್ತುಹಾಕಿದರು. ಆಮೇಲೆ, ರಿಪೇರಿ ಮಾಡಿದರೂ ತಪ್ಪು ತಪ್ಪಾಗಿ ಮಾಡಿಸುವ ಒಂದು ಪ್ಲಾಸ್ಮಿಡ್, ಅಂದರೆ ಡಿಎನ್‌ಎಯ ಪುಟ್ಟ ಉಂಗುರ, ಸೇರಿಸಿದರು. ಟಿಎ98, ಟಿಎ100 ಎಂಬ ಹೆಸರು ನೋಡಿರುತ್ತೀಯಲ್ಲ, ಅವು ಇವೇ. ಮೊದಲನೆಯದು ಅಕ್ಷರ ಸೇರಿಯೋ ಬಿಟ್ಟೋ ಓದು ಜಾರುವ ಮ್ಯುಟೇಷನ್ ಹಿಡಿಯುತ್ತದೆ, ಎರಡನೆಯದು ಒಂದು ಅಕ್ಷರದ ಜಾಗದಲ್ಲಿ ಇನ್ನೊಂದು ಕೂರುವುದನ್ನು.

ಇಷ್ಟು ದುರ್ಬಲ ಮಾಡಿದ ಜೀವಿಯ ಮೇಲೆ ಬಂದ ಫಲಿತಾಂಶ 'ಇದು ಡಿಎನ್‌ಎ ಕೆಡಿಸಬಲ್ಲದು' ಎಂದು ಹೇಳುತ್ತದೆ. 'ಇಷ್ಟು ತಿಂದರೆ ನಿನಗೆ ಕ್ಯಾನ್ಸರ್' ಎಂದು ಹೇಳುವುದಿಲ್ಲ.

ತಾಯಿ_ಬೇರು:
ಸಾಲ್ಮೊನೆಲ್ಲಾ ಅಂದ್ರೆ ಹೊಟ್ಟೆ ಕೆಡಿಸುವುದೇ ತಾನೆ? ಅದನ್ನು ಕಾಲೇಜು ಮಕ್ಕಳ ಕೈಗೆ ಕೊಡ್ತಾರಾ?

ಹಳೇ_ಅಗರ್:
ಅದೇ ಕುಲ, ಆದರೆ ಗೋಡೆ ಸಡಿಲ ಮಾಡಿದ್ದರಿಂದ ರೋಗ ತರುವ ಶಕ್ತಿ ಬಹಳ ಕಡಿಮೆ. ಆದರೂ ಪಿಪೆಟ್ ಬಾಯಲ್ಲಿ ಎಳೆಯಬಾರದು ಮೇಡಂ. ನಾವು ಎಳೆಯುತ್ತಿದ್ದ ಕಾಲವೂ ಇತ್ತು, ಅದು ಬೇರೆ ವಿಷಯ.

ಎರಡನೇ_ವರ್ಷ:
ಸರ್, ಲಿವರ್ ರಸ ಯಾಕೆ ಬೇಕು ಎಂದು ಸೆಮಿನಾರ್‌ನಲ್ಲಿ ಕೇಳಿಯೇ ಕೇಳುತ್ತಾರೆ. ಪುಸ್ತಕದಲ್ಲಿ 'ಮೆಟಬಾಲಿಕ್ ಆಕ್ಟಿವೇಷನ್' ಎಂದು ಒಂದೇ ಸಾಲು ಇದೆ.

ಹಳೇ_ಅಗರ್:
ಇಡೀ ಕಥೆಯ ಜೀವ ಇರುವುದೇ ಆ ಒಂದು ಸಾಲಿನಲ್ಲಿ. ಏಮ್ಸ್‌ಗಿಂತ ಮುಂಚೆಯೂ ಜನ ಬ್ಯಾಕ್ಟೀರಿಯಾ ಮೇಲೆ ಕ್ಯಾನ್ಸರ್‌ಕಾರಕಗಳನ್ನು ಹಾಕಿ ನೋಡಿದ್ದರು. ಎಷ್ಟೋ ಹೆಸರಾಂತ ವಿಷಗಳು ಏನೂ ಮಾಡುತ್ತಿರಲಿಲ್ಲ. ಹಾಗಾಗಿ ಕ್ಯಾನ್ಸರ್‌ಗೂ ಮ್ಯುಟೇಷನ್‌ಗೂ ಸಂಬಂಧ ಇಲ್ಲ ಎನ್ನುವವರೂ ಇದ್ದರು.

ವಿಸ್ಕಾನ್ಸಿನ್‌ನಲ್ಲಿ ಜೇಮ್ಸ್ ಮತ್ತು ಎಲಿಜಬೆತ್ ಮಿಲ್ಲರ್ ಎಂಬ ಗಂಡ ಹೆಂಡತಿ ಇದರ ಗಂಟು ಬಿಡಿಸಿದರು. ಹಲವು ರಾಸಾಯನಿಕಗಳು ಹುಟ್ಟಾ ಸಾಧುಗಳು. ನಮ್ಮ ದೇಹವೇ ಅವನ್ನು ಹೊರಗೆ ಹಾಕಲು ಹೋಗಿ, ನೀರಿನಲ್ಲಿ ಕರಗುವಂತೆ ಮಾಡಲು ಹೋಗಿ, ನಡುದಾರಿಯಲ್ಲಿ ಡಿಎನ್‌ಎಗೆ ಅಂಟುವ ರೂಪಕ್ಕೆ ತರುತ್ತದೆ. ಹೊಗೆಯಲ್ಲಿರುವ ಬೆಂಜೊಪೈರೀನ್ ಹೀಗೆ. ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ಹೀಗೆ. ಈ ಕೆಲಸ ಜಾಸ್ತಿ ನಡೆಯುವುದು ಲಿವರ್‌ನಲ್ಲಿ. ಬ್ಯಾಕ್ಟೀರಿಯಾಗೆ ಆ ಕಿಣ್ವಗಳಿಲ್ಲ. ಏಮ್ಸ್ ಮಾಡಿದ್ದು ಇಷ್ಟೇ: ಇಲಿಯ ಲಿವರ್ ಅರೆದು, ತಿರುಗಿಸಿ, ಮೇಲಿನ ತಿಳಿ ತೆಗೆದು ಪ್ಲೇಟ್‌ಗೆ ಸೇರಿಸಿದರು. 9000 ಜಿ ಬಲದಲ್ಲಿ, ಅಂದರೆ ಗುರುತ್ವದ 9000 ಪಟ್ಟಿನಲ್ಲಿ, ತಿರುಗಿಸಿದ್ದರಿಂದ ಅದರ ಹೆಸರು ಎಸ್9. ಸುಮ್ಮನೆ ಕೂತಿದ್ದ ವಿಷಗಳೆಲ್ಲ ಎದ್ದು ಕೂತವು.

ಒಂದು ತಮಾಷೆ ಹೇಳುತ್ತೇನೆ, ಸೆಮಿನಾರ್‌ನಲ್ಲಿ ನಗು ಬರುತ್ತದೆ. ಆ ಲಿವರ್‌ನಲ್ಲಿ ಕಿಣ್ವ ಹೆಚ್ಚಲಿ ಎಂದು ಇಲಿಗೆ ಮೊದಲೇ ಅರೋಕ್ಲೋರ್ 1254 ಚುಚ್ಚುತ್ತಿದ್ದರು. ಅದು ಪಿಸಿಬಿ ಎಂಬ ಕೈಗಾರಿಕಾ ರಾಸಾಯನಿಕ. ಅದೇ ಈಗ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿದೆ. ಕಳ್ಳನನ್ನು ಹಿಡಿಯಲು ಕಳ್ಳನನ್ನೇ ಕೆಲಸಕ್ಕೆ ಇಟ್ಟಂತೆ.

ಮುಂಗೋಪಿ:
ಪಾಠ ಚೆನ್ನಾಗಿದೆ. ಆದರೆ ಹುಡುಗ ಕೇಳಿದ್ದು ಅದಲ್ಲ. ಅವರು ಮಾತು ಬದಲಿಸಿದರಾ ಎಂದು ಕೇಳಿದ. ಬದಲಿಸಿದರು. ನೇರವಾಗಿ ಹೇಳೋಣ. 1986ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪ್ರಪೊಸಿಷನ್ 65 ಬಂದಾಗ, ಅಂದರೆ ಕ್ಯಾನ್ಸರ್‌ಕಾರಕ ಇದ್ದರೆ ಜನರಿಗೆ ತಿಳಿಸಿ ಎನ್ನುವ ಕಾನೂನು, ಅದನ್ನು ವಿರೋಧಿಸಿದರು. 1989ರಲ್ಲಿ ಸೇಬಿಗೆ ಹಾಕುವ ಅಲಾರ್ ಗಲಾಟೆ ಆದಾಗ ಜನ ಅತಿಯಾಗಿ ಹೆದರಿದ್ದಾರೆ ಎಂದರು. ಇದರಿಂದ ಖುಷಿಪಟ್ಟದ್ದು ಯಾರು, ಊಹಿಸಿ. ಪರಿಸರ ವೈದ್ಯಶಾಸ್ತ್ರದ ಪ್ರೊಫೆಸರ್ ಸ್ಯಾಮ್ಯುಯೆಲ್ ಎಪ್‌ಸ್ಟೀನ್ ಅಂಥವರು ಆಗಲೇ ಗಟ್ಟಿಯಾಗಿ ವಿರೋಧಿಸಿದ್ದರು.

ಸುಮ್ನೆ_ನೋಡುವವ:
ಬಂತು ನೋಡಿ. ಇನ್ನು ಎರಡು ಪುಟ ಗ್ಯಾರಂಟಿ.

ಲೆಕ್ಕದ_ಮನುಷ್ಯ:
ಮುಂಗೋಪಿಯವರೇ, ಯಾರಿಗೆ ಖುಷಿಯಾಯಿತು ಎನ್ನುವುದರಿಂದ ಲೆಕ್ಕ ಸರಿಯೋ ತಪ್ಪೋ ಗೊತ್ತಾಗುವುದಿಲ್ಲ. ಲೆಕ್ಕವನ್ನೇ ನೋಡೋಣ.

ಏಮ್ಸ್ ಮತ್ತು ಅವರ ಸಹೋದ್ಯೋಗಿ ಲೋಯಿಸ್ ಗೋಲ್ಡ್ ಇಲಿಗಳ ಮೇಲೆ ಆದ ಪರೀಕ್ಷೆಗಳನ್ನೆಲ್ಲ ಒಂದು ಕಡೆ ರಾಶಿ ಹಾಕಿದರು. ಕಂಡದ್ದು ಏನೆಂದರೆ, ಪರೀಕ್ಷಿಸಿದ ರಾಸಾಯನಿಕಗಳಲ್ಲಿ ಸುಮಾರು ಅರ್ಧ ಇಲಿಗೆ ಕ್ಯಾನ್ಸರ್ ತರುತ್ತವೆ. ಕಾರ್ಖಾನೆಯದ್ದಾದರೂ ಅರ್ಧ, ಗಿಡದ್ದಾದರೂ ಅರ್ಧ. 1990ರ ಹೊತ್ತಿಗೆ ಗಿಡಗಳ ಸ್ವಂತ ಕೀಟನಾಶಕಗಳಲ್ಲಿ ಪರೀಕ್ಷೆಯಾಗಿದ್ದು 52, ಅದರಲ್ಲಿ 27 ಪಾಸಿಟಿವ್. ಇಷ್ಟು ದೊಡ್ಡ ಪಾಲು ಪಾಸಿಟಿವ್ ಬಂದರೆ ಎರಡೇ ದಾರಿ. ಲೋಕವೆಲ್ಲ ವಿಷ, ಇಲ್ಲವೇ ಪರೀಕ್ಷೆ ಮಾಡುವ ರೀತಿಯಲ್ಲೇ ಏನೋ ಇದೆ.

ಅವರು ಎರಡನೆಯದನ್ನು ಹಿಡಿದರು. ಈ ಪರೀಕ್ಷೆಗಳಲ್ಲಿ ಇಲಿಗೆ ಕೊಡುವುದು ಅದು ಸಾಯದೆ ತಡೆದುಕೊಳ್ಳುವ ಗರಿಷ್ಠ ಡೋಸ್, ಅದೂ ಜೀವನಪೂರ್ತಿ. ಅಷ್ಟು ಕೊಟ್ಟರೆ ಜೀವಕೋಶಗಳು ಸಾಯುತ್ತವೆ. ಆ ಜಾಗ ತುಂಬಲು ಉಳಿದವು ಒಡೆದು ಒಡೆದು ಹೆಚ್ಚುತ್ತವೆ. ಒಡೆಯುವಾಗಲೇ ಡಿಎನ್‌ಎಯಲ್ಲಿ ಇರುವ ಸಣ್ಣ ಗಾಯ ಶಾಶ್ವತ ಮ್ಯುಟೇಷನ್ ಆಗುವುದು. ಅಂದರೆ ಕೆಲವು ಸಲ ಕ್ಯಾನ್ಸರ್ ತಂದದ್ದು ಆ ರಾಸಾಯನಿಕದ ಸ್ವಭಾವಕ್ಕಿಂತ ಅದರ ಪ್ರಮಾಣ. ಕಡಿಮೆ ಡೋಸ್‌ನಲ್ಲಿ ಈ ಸಾವು ಇಲ್ಲ, ಈ ಒಡೆತವೂ ಇಲ್ಲ. ದೊಡ್ಡ ಡೋಸ್‌ನಿಂದ ಸಣ್ಣ ಡೋಸ್‌ಗೆ ಸ್ಕೇಲ್ ಇಟ್ಟು ಗೆರೆ ಎಳೆದರೆ ತಪ್ಪು ಉತ್ತರ ಬರುತ್ತದೆ.

ಸಕ್ಕರೆ ಬದಲು ಬಳಸುವ ಸ್ಯಾಕರಿನ್ ನೆನಪಿಸಿಕೊಳ್ಳಿ. 1977ರಲ್ಲಿ ಗಂಡು ಇಲಿಗಳ ಮೂತ್ರಕೋಶದಲ್ಲಿ ಕ್ಯಾನ್ಸರ್ ಎಂದು ಅಮೆರಿಕದಲ್ಲಿ ನಿಷೇಧಕ್ಕೆ ಹೊರಟಿದ್ದರು. ಏಮ್ಸ್ ಟೆಸ್ಟ್‌ನಲ್ಲಿ ಅದು ನೆಗೆಟಿವ್. 2000ದಲ್ಲಿ ಅಲ್ಲಿನ ಕ್ಯಾನ್ಸರ್‌ಕಾರಕಗಳ ಪಟ್ಟಿಯಿಂದಲೇ ತೆಗೆದರು.

ಮುಂಗೋಪಿ:
ಲೆಕ್ಕದವರಿಗೆ ಲೆಕ್ಕದ್ದೇ ಉತ್ತರ. ಗರಿಷ್ಠ ಡೋಸ್‌ನಲ್ಲಿ ಮಾತ್ರ ಅಲ್ಲ, ಅದಕ್ಕಿಂತ ಕಡಿಮೆಯಲ್ಲೂ ಗಡ್ಡೆ ಬಂದ ರಾಸಾಯನಿಕಗಳು ಬೇಕಾದಷ್ಟಿವೆ. ಜೀವಕೋಶ ಒಡೆಯುವುದು ಹೆಚ್ಚಾಗದೆಯೂ ಕ್ಯಾನ್ಸರ್ ಬಂದದ್ದಿದೆ. ಆ ಟೀಕೆ ಆಗಲೇ ಬಂದಿತ್ತು. ಇನ್ನೊಂದು: ಪರೀಕ್ಷೆಗೆ ಆರಿಸುವುದೇ ಅನುಮಾನ ಇರುವ ರಾಸಾಯನಿಕಗಳನ್ನು. ಅನುಮಾನದವರನ್ನು ಮಾತ್ರ ಠಾಣೆಗೆ ಕರೆದು 'ಅರ್ಧ ಜನ ಕಳ್ಳರು, ಹಾಗಾಗಿ ನಮ್ಮ ವಿಚಾರಣೆಯೇ ಸರಿಯಿಲ್ಲ' ಅಂದ ಹಾಗಾಯಿತು.

ಲೆಕ್ಕದ_ಮನುಷ್ಯ:
ಎರಡನೇ ಮಾತು ಒಪ್ಪಬೇಕಾದ್ದೇ. ಆಯ್ಕೆಯ ಪಕ್ಷಪಾತ ಇದೆ. ಆದರೆ ಗಿಡದ ರಾಸಾಯನಿಕಗಳನ್ನು ಅಷ್ಟು ಅನುಮಾನದಿಂದ ಯಾರೂ ಆರಿಸಿರಲಿಲ್ಲ, ಅಲ್ಲೂ ಅರ್ಧವೇ ಬಂತಲ್ಲ?

ಮುಂಗೋಪಿ:
52ರ ಮೇಲೆ ಇಷ್ಟು ದೊಡ್ಡ ಮನೆ ಕಟ್ಟಬೇಡಿ.

ತಾಯಿ_ಬೇರು:
ನೀವಿಬ್ಬರೂ ಜಗಳ ಮುಂದುವರಿಸಿ, ನನಗೆ ಹೇರ್ ಡೈ ಬಗ್ಗೆ ಯಾರಾದರೂ ಹೇಳಿ. 169ರಲ್ಲಿ 150 ಅಂದರೆ ಎದೆ ಝಲ್ ಅಂತು. ನಾನು ಎಂಟು ವರ್ಷದಿಂದ ಹಚ್ಚುತ್ತಿದ್ದೇನೆ. ಬಸುರಿಯಾಗಿದ್ದಾಗ ಅಕ್ಕ ಬೈದಳು ಎಂದು ನಿಲ್ಲಿಸಿದ್ದೆ, ಆಮೇಲೆ ಮತ್ತೆ ಶುರು.

ರಾತ್ರಿ_ಪಾಳಿ:
ಮೇಡಂ, ನಾನು ಕ್ಯಾನ್ಸರ್ ವಾರ್ಡಿನಲ್ಲಿ ನರ್ಸ್. ಆ 1975ರ ಪಟ್ಟಿ ಆಗಿನ ಡೈಗಳದ್ದು. ಅದು ಹೊರಬಂದ ಮೇಲೆ ಕಂಪನಿಗಳು ಕೆಲವು ಪದಾರ್ಥ ಬಿಟ್ಟು ಬದಲಿ ಹಾಕಿದವು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ ಆಮೇಲೆ ಎಲ್ಲ ಪುರಾವೆ ಕೂಡಿಸಿ ನೋಡಿ ಎರಡು ಮಾತು ಹೇಳಿತು. ದಿನವಿಡೀ ಡೈ ಕೈಯಲ್ಲಿ ಹಿಡಿಯುವ ಕ್ಷೌರಿಕರು, ಸಲೂನ್ ಕೆಲಸದವರು: ಕ್ಯಾನ್ಸರ್ ಸಂಭವ ಇದೆ, ಗುಂಪು 2ಎ. ಸ್ವಂತ ಕೂದಲಿಗೆ ಹಚ್ಚುವವರು: ತೀರ್ಮಾನಕ್ಕೆ ಪುರಾವೆ ಸಾಲದು, ಗುಂಪು 3. ಅಪಾಯ ಹಚ್ಚಿಸಿಕೊಳ್ಳುವವರಿಗಿಂತ ಹಚ್ಚುವವರಿಗೆ.

ತಾಯಿ_ಬೇರು:
ಥ್ಯಾಂಕ್ಸ್ ರೀ. ಪಾಪ, ನನಗೆ ಹಚ್ಚುವ ಹುಡುಗಿ ಕೈಗೆ ಗ್ಲೌಸ್ ಕೂಡ ಹಾಕುವುದಿಲ್ಲ. ನಾಳೆ ಹೇಳುತ್ತೇನೆ.

ಸುಮ್ನೆ_ನೋಡುವವ:
ಈ ಗುಂಪು 1, 2ಎ ಎಲ್ಲ ಅಪಾಯದ ಮಟ್ಟವಾ? ಸಂಸ್ಕರಿಸಿದ ಮಾಂಸವೂ ಸಿಗರೇಟೂ ಒಂದೇ ಗುಂಪು ಎಂದು 2015ರಲ್ಲಿ ಓದಿ ಗಾಬರಿಯಾಗಿದ್ದೆ.

ರಾತ್ರಿ_ಪಾಳಿ:
ಅಲ್ಲ. ಪುರಾವೆ ಎಷ್ಟು ಗಟ್ಟಿ ಎನ್ನುವುದರ ಗುಂಪು. ಇವೆರಡೂ ಕ್ಯಾನ್ಸರ್ ತರುತ್ತವೆ ಎಂಬುದಕ್ಕೆ ಸಾಕ್ಷಿ ಗಟ್ಟಿ ಇದೆ ಅಷ್ಟೇ. ಎಷ್ಟು ತರುತ್ತವೆ ಎನ್ನುವುದರಲ್ಲಿ ಹೋಲಿಕೆಯೇ ಇಲ್ಲ. ದಿನಕ್ಕೊಂದು ಪ್ಯಾಕ್ ಸೇದಿದರೆ ವರ್ಷಕ್ಕೆ ಶ್ವಾಸಕೋಶದ ಪ್ರತಿ ಜೀವಕೋಶದಲ್ಲಿ ಸರಾಸರಿ 150 ಮ್ಯುಟೇಷನ್ ಸೇರುತ್ತವೆ ಎಂದು 2016ರಲ್ಲಿ ಲೆಕ್ಕ ಹಾಕಿದ್ದಾರೆ. ಪ್ರತಿ ಜೀವಕೋಶದಲ್ಲಿ! ನಮ್ಮ ವಾರ್ಡಿಗೆ ಬಂದವರು 'ನಾನೇನು ತಿಂದು ಹೀಗಾಯಿತು ಸಿಸ್ಟರ್' ಎಂದು ಕೇಳುತ್ತಾರೆ. ಸೇದುವ ವಿಷಯ ಅವರೇ ಎತ್ತುವುದಿಲ್ಲ, ಹಣ್ಣಿನ ಮೇಲಿನ ಔಷಧಿ ವಿಷಯ ಎತ್ತುತ್ತಾರೆ.

ಬಾಲ್ಕನಿ_ಗಿಡ:
ಮ್ಯುಟೇಷನ್‌ನಿಂದ ಕ್ಯಾನ್ಸರ್ ಎಂದು ಕಂಡುಹಿಡಿದದ್ದೇ ಏಮ್ಸ್ ಅಲ್ವಾ? ಅದಕ್ಕೇ ನೊಬೆಲ್ ಬಂತು ಅನ್ಸುತ್ತೆ.

ಹಳೇ_ಅಗರ್:
ಎರಡೂ ತಪ್ಪು ಸ್ವಾಮಿ. ನೊಬೆಲ್ ಬರಲಿಲ್ಲ. 1998ರಲ್ಲಿ ಅಮೆರಿಕದ ನ್ಯಾಷನಲ್ ಮೆಡಲ್ ಆಫ್ ಸೈನ್ಸ್ ಬಂತು. 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು, 95 ವರ್ಷ.

ಇನ್ನು ಕಂಡುಹಿಡಿದದ್ದು. 1775ರಲ್ಲೇ ಲಂಡನ್ನಿನ ವೈದ್ಯ ಪರ್ಸಿವಲ್ ಪಾಟ್, ಚಿಮಣಿ ಗುಡಿಸುವವರಿಗೆ ಮಸಿಯಿಂದ ವೃಷಣಚೀಲದ ಕ್ಯಾನ್ಸರ್ ಬರುತ್ತದೆ ಎಂದು ಬರೆದರು. 1915ರಲ್ಲಿ ಜಪಾನಿನ ಯಮಾಗಿವ ಮತ್ತು ಇಚಿಕಾವ ಮೊಲದ ಕಿವಿಗೆ ತಿಂಗಳುಗಟ್ಟಲೆ ಕಲ್ಲಿದ್ದಲ ಡಾಂಬರು ಹಚ್ಚಿ ಗಡ್ಡೆ ಬರಿಸಿ ತೋರಿಸಿದರು. ಎಷ್ಟು ತಾಳ್ಮೆ ಬೇಕು ಯೋಚಿಸಿ! 1927ರಲ್ಲಿ ಮುಲ್ಲರ್ ಎಕ್ಸ್-ರೇಯಿಂದ ನೊಣಗಳಲ್ಲಿ ಮ್ಯುಟೇಷನ್ ತಂದರು. ಯುದ್ಧದ ಕಾಲದಲ್ಲಿ ಷಾರ್ಲೊಟ್ ಅವರ್‌ಬಾಕ್ ಮಸ್ಟರ್ಡ್ ಗ್ಯಾಸ್‌ನಿಂದ ಅದನ್ನೇ ಮಾಡಿದರು. ಈ ಎರಡು ದಾರಿ, ಒಂದು ಕಡೆ ಗಡ್ಡೆ, ಇನ್ನೊಂದು ಕಡೆ ಮ್ಯುಟೇಷನ್, ಬೇರೆ ಬೇರೆಯಾಗಿ ಹೋಗುತ್ತಿದ್ದವು. ಏಮ್ಸ್ ಎರಡನ್ನೂ ಯಾರು ಬೇಕಾದರೂ ಮಾಡಬಹುದಾದ ಅಗ್ಗದ ಪರೀಕ್ಷೆಯಲ್ಲಿ ಜೋಡಿಸಿದರು. ಅವರು ಮೂಲತಃ ಹಿಸ್ಟಿಡಿನ್ ಹೇಗೆ ತಯಾರಾಗುತ್ತದೆ ಎಂದು ಓದುತ್ತಿದ್ದವರು. ಆ ಕೆಟ್ಟ ಬ್ಯಾಕ್ಟೀರಿಯಾಗಳು ಅವರ ಫ್ರಿಜ್‌ನಲ್ಲಿ ಮೊದಲೇ ಇದ್ದವು. 1964ರಲ್ಲಿ ಆಲೂ ಚಿಪ್ಸ್ ಡಬ್ಬಿಯ ಮೇಲೆ ಬರೆದಿದ್ದ ಪದಾರ್ಥಗಳ ಪಟ್ಟಿ ಓದುತ್ತಾ 'ಇವುಗಳಲ್ಲಿ ಡಿಎನ್‌ಎ ಕೆಡಿಸುವುದು ಯಾವುದಾದರೂ ಇದ್ದರೆ?' ಎಂದು ಹೊಳೆಯಿತಂತೆ.

ಬೆಟ್ಟದ_ಹುಚ್ಚು:
ಪೈಜಾಮ ಕೆಲಸ ಏಮ್ಸ್ ಒಬ್ಬರದ್ದಲ್ಲ, ಆರ್ಲೀನ್ ಬ್ಲಮ್ ಹೆಸರು ಹೇಳದೆ ಹೋಗಬೇಡಿ. ಆಕೆ ರಸಾಯನ ವಿಜ್ಞಾನಿ, ಜೊತೆಗೆ ಪರ್ವತಾರೋಹಿ. 1977ರ ಪ್ರಬಂಧ ಬ್ಲಮ್ ಮತ್ತು ಏಮ್ಸ್ ಇಬ್ಬರದ್ದು. ಮರುವರ್ಷವೇ ಅನ್ನಪೂರ್ಣಕ್ಕೆ ಹೆಂಗಸರದ್ದೇ ತಂಡ ಕಟ್ಟಿಕೊಂಡು ಹೋದರು. ಎಂಟು ಸಾವಿರ ಮೀಟರ್ ದಾಟಿದ ಶಿಖರ ರೀ ಅದು!

ಅದಕ್ಕಿಂತ ಮಜಾ ಮುಂದಿನದು. ಮೊದಲ ಟ್ರಿಸ್‌ನಲ್ಲಿ ಬ್ರೋಮಿನ್ ಇತ್ತು. ಅದು ನಿಷೇಧವಾದ ಮೇಲೆ ಕ್ಲೋರಿನ್ ಇರುವ ಟ್ರಿಸ್ ಬಂತು. ಅದೂ ಮ್ಯುಟೇಷನ್ ತರುತ್ತದೆ ಎಂದು ಇವರೇ ತೋರಿಸಿದರು, ಪೈಜಾಮದಿಂದ ಹೋಯಿತು. ವರ್ಷಗಟ್ಟಲೆ ಆದ ಮೇಲೆ ನೋಡಿದರೆ ಅದೇ ಕ್ಲೋರಿನ್ ಟ್ರಿಸ್ ಸೋಫಾಗಳ ಫೋಮ್ ಒಳಗೆ ಕೂತಿದೆ. ಬ್ಲಮ್ ಮತ್ತೆ ಹೋರಾಟಕ್ಕೆ ಇಳಿದರು. 2013ರಲ್ಲಿ ಕ್ಯಾಲಿಫೋರ್ನಿಯಾ ಸೋಫಾ ಬೆಂಕಿ ನಿಯಮವನ್ನೇ ಬದಲಿಸಿತು.

ಸುಮ್ನೆ_ನೋಡುವವ:
ಮುಂಬಾಗಿಲಿಂದ ಓಡಿಸಿದರೆ ಹಿತ್ತಲಿಂದ ಬಂತು.

ಮುಂಗೋಪಿ:
ನೋಡಿ, ಇದೇ ನನ್ನ ಮಾತು. ಬ್ಲಮ್ ಅದೇ ದಾರಿಯಲ್ಲಿ ನಡೆದರು. ಏಮ್ಸ್ ಬೇರೆ ಕಡೆ ತಿರುಗಿದರು. ಒಂದೇ ಪ್ರಬಂಧದ ಇಬ್ಬರು ಲೇಖಕರು.

ಎರಡನೇ_ವರ್ಷ:
ಒಂದು ನಿಮಿಷ. ಪೈಜಾಮದಲ್ಲಿ ಟ್ರಿಸ್ ಎಷ್ಟಿತ್ತು? ಎಲ್ಲೋ 'ಬಟ್ಟೆಯ ತೂಕದ ಶೇ 5' ಎಂದು ನೋಡಿದೆ, ಹೆಚ್ಚಾಯಿತೇನೋ ಅನಿಸಿತು.

ಬೆಟ್ಟದ_ಹುಚ್ಚು:
ಹೆಚ್ಚಿಲ್ಲ, ಸರಿಯಾಗಿದೆ. ಮಗು ರಾತ್ರಿಯಿಡೀ ಮೈಗೆ ಅಂಟಿಸಿಕೊಂಡು ಮಲಗುವ ಬಟ್ಟೆಯಲ್ಲಿ. ಬಾಯಲ್ಲಿ ಚೀಪುತ್ತವೆ ಬೇರೆ. 1978ರಲ್ಲಿ ಮಕ್ಕಳ ಮೂತ್ರ ಪರೀಕ್ಷಿಸಿದಾಗ ಟ್ರಿಸ್ ಒಡೆದು ಆಗುವ ರಾಸಾಯನಿಕ ಸಿಕ್ಕಿತು. ಅದೂ ಮ್ಯುಟೇಷನ್ ತರುವಂಥದ್ದೇ. ಚರ್ಮದ ಮೂಲಕ ಒಳಗೆ ಹೋಗುತ್ತಿದೆ ಎನ್ನುವುದಕ್ಕೆ ಇನ್ನೇನು ಬೇಕು?

ಲೆಕ್ಕದ_ಮನುಷ್ಯ:
ಹುಡುಗ ಸರಿಯಾದ ಪ್ರಶ್ನೆ ಕೇಳಿದ. ಒಂದು ಕಡೆ ಬಟ್ಟೆಯ ತೂಕದ ಶೇ 5, ಮಗುವಿನ ಚರ್ಮಕ್ಕೆ, ಪ್ರತಿ ರಾತ್ರಿ. ಇನ್ನೊಂದು ಕಡೆ ಹಣ್ಣಿನ ಮೇಲೆ ಉಳಿದ ಅತಿ ಸಣ್ಣ ಅಂಶ. 1990ರ ಅವರ ಅಂದಾಜು ಹೀಗೆ: ಅಮೆರಿಕದವರು ದಿನಕ್ಕೆ ಗಿಡಗಳ ಸ್ವಂತ ಕೀಟನಾಶಕ ಸುಮಾರು ಒಂದೂವರೆ ಗ್ರಾಂ ತಿನ್ನುತ್ತಾರೆ. ಸಿಂಪಡಿಸಿದ್ದರ ಉಳಿಕೆಗಿಂತ ಇದು ಸುಮಾರು 10,000 ಪಟ್ಟು. ಒಂದು ಕಪ್ ಕಾಫಿಯಲ್ಲಿ ಇಲಿಗೆ ಕ್ಯಾನ್ಸರ್ ತರಬಲ್ಲ ಪದಾರ್ಥ ಸುಮಾರು 10 ಮಿಲಿಗ್ರಾಂ. ಕೆಫೀಕ್ ಆಸಿಡ್, ಕ್ಯಾಟೆಕಾಲ್, ಫರ್‌ಫ್ಯೂರಾಲ್ ಇತ್ಯಾದಿ. ಕಾಫಿ ಬಿಡಿ ಎಂದು ಅವರು ಹೇಳಲಿಲ್ಲ. ಕಾಫಿಗೆ ಹೆದರದವರು ಅದಕ್ಕಿಂತ ಕಡಿಮೆಗೆ ಯಾಕೆ ಹೆದರುತ್ತೀರಿ ಎಂದು ಕೇಳಿದರು.

ಅವರ 1987ರ ಅಪಾಯ ಪಟ್ಟಿಯಲ್ಲಿ ತುಂಬಾ ಮೇಲೆ ಇದ್ದದ್ದು ಯಾರು ಗೊತ್ತಾ? ಇಡಿಬಿ ಎಂಬ, ಅನಿಲವಾಗಿ ಹಾಯಿಸುವ ಕೀಟನಾಶಕದ ಜೊತೆ ಕೆಲಸ ಮಾಡುವ ಕಾರ್ಮಿಕರು. ಕಂಪನಿಗಳಿಗೆ ಮಾರಿಕೊಂಡವರು ಅದನ್ನು ಮೇಲೆ ಇಡುತ್ತಿದ್ದರಾ?

ಸುಮ್ನೆ_ನೋಡುವವ:
ಹಾಗಾದರೆ ಕಾಫಿ ಕುಡಿಯಬಹುದು?

ರಾತ್ರಿ_ಪಾಳಿ:
ಕುಡಿಯಿರಿ. 1991ರಲ್ಲಿ ಐಎಆರ್‌ಸಿ ಮೂತ್ರಕೋಶದ ಕ್ಯಾನ್ಸರ್ ಅನುಮಾನದಿಂದ ಕಾಫಿಯನ್ನು 2ಬಿ ಗುಂಪಿನಲ್ಲಿ (2ಎಗಿಂತ ದುರ್ಬಲ ಪುರಾವೆಯದ್ದು) ಇಟ್ಟಿತ್ತು, 2016ರಲ್ಲಿ 3ಕ್ಕೆ ಇಳಿಸಿತು. ತುಂಬಾ ಬಿಸಿ ಪಾನೀಯ, 65 ಡಿಗ್ರಿ ಮೀರಿದ್ದು, ಅದು ಮಾತ್ರ 2ಎ. ನಿಮ್ಮದು ಆರಿದೆಯಲ್ಲ, ಇನ್ನೂ ಒಳ್ಳೆಯದು.

ಮುಂಗೋಪಿ:
ಕಾರ್ಮಿಕರ ವಿಷಯ ಗೊತ್ತಿರಲಿಲ್ಲ. 'ಮಾರಿಕೊಂಡ' ಎನ್ನುವ ಮಾತು ನನ್ನದಲ್ಲ, ಹುಡುಗನ ಗೆಳೆಯನದ್ದು. ಆದರೂ ಒಂದು ಹೇಳುತ್ತೇನೆ: 1999ರಲ್ಲಿ ಜುವೆನಾನ್ ಎಂಬ ಪೂರಕ ಮಾತ್ರೆಗಳ ಕಂಪನಿ ಶುರು ಮಾಡಿದವರಲ್ಲಿ ಏಮ್ಸ್ ಒಬ್ಬರು. ಕೊನೆಯ ವರ್ಷಗಳೆಲ್ಲ ವಿಟಮಿನ್ ಕೊರತೆಯಿಂದ ಡಿಎನ್‌ಎ ಕೆಡುತ್ತದೆ ಎನ್ನುವುದರ ಮೇಲೇ ಹೋಯಿತು. ಸಂತನ ಪಟ ಹಾಕಿ ಹಾರ ಹಾಕಬೇಡಿ ಎಂದಷ್ಟೇ ನನ್ನ ಮಾತು.

ಮೇಲ್ವಿಚಾರಕ:
ಇಲ್ಲಿಯವರೆಗೆ ಚೆನ್ನಾಗಿ ನಡೆದಿದೆ. ಹೀಗೇ ಇರಲಿ.

ಔಷಧಿ_ಪೆಟ್ಟಿಗೆ:
ತಡವಾಗಿ ಬಂದೆ. ಮಾತ್ರೆ ತಯಾರಿಸುವ ಕಡೆ ಗುಣಮಟ್ಟ ವಿಭಾಗದಲ್ಲಿದ್ದೇನೆ. ಟೆಸ್ಟ್ ಹಳೆಯದಾಯಿತು ಎಂದುಕೊಂಡವರಿಗೆ ಒಂದು ಮಾತು. ಔಷಧಿಯಲ್ಲಿ ಉಳಿಯುವ ಯಾವುದೇ ಕಲ್ಮಶ ಏಮ್ಸ್ ಪಾಸಿಟಿವ್ ಎಂದು ಬಂದರೆ ನಮ್ಮ ನಿದ್ದೆ ಹೋಗುತ್ತದೆ. ಬೇರೆ ಮಾಹಿತಿ ಇಲ್ಲದಿದ್ದರೆ ಜೀವನಪೂರ್ತಿ ನುಂಗುವ ಮಾತ್ರೆಗೆ ಮಿತಿ ದಿನಕ್ಕೆ ಒಂದೂವರೆ ಮೈಕ್ರೋಗ್ರಾಂ.

2018ರಲ್ಲಿ ವಲ್ಸಾರ್ಟನ್ ಎಂಬ ಬಿಪಿ ಮಾತ್ರೆಯಲ್ಲಿ ಎನ್‌ಡಿಎಂಎ ಎಂಬ ಕಲ್ಮಶ ಸಿಕ್ಕಿತಲ್ಲ, ಅದು ಸೇರಿದ ನೈಟ್ರೊಸಮೀನ್‌ಗಳ ಗುಂಪಿಗೆ ಮಿತಿ ಇನ್ನೂ ಬಿಗಿ. ಆಗ ಒಂದು ಹಳೇ ತೊಂದರೆ ಮತ್ತೆ ಮೇಲೆ ಬಂತು. ಇಲಿಯ ಲಿವರ್ ರಸದಲ್ಲಿ ಕೆಲವು ನೈಟ್ರೊಸಮೀನ್‌ಗಳು ಸರಿಯಾಗಿ ಎದ್ದು ಕಾಣುವುದಿಲ್ಲ. ಹ್ಯಾಮ್‌ಸ್ಟರ್ ಲಿವರ್ ಬಳಸಿದರೆ ಕಾಣುತ್ತವೆ. ಈಗ ಶೇ 30 ಹ್ಯಾಮ್‌ಸ್ಟರ್ ಎಸ್9 ಹಾಕಿ ಮಾಡಿ ಎನ್ನುತ್ತಾರೆ. ಯಾವ ಪ್ರಾಣಿಯ ಲಿವರ್ ಎನ್ನುವುದರ ಮೇಲೆ 'ವಿಷ' ಹೌದೋ ಅಲ್ಲವೋ ಬದಲಾಗುತ್ತದೆ ನೋಡಿ.

ಎರಡನೇ_ವರ್ಷ:
ಸರ್, ಹಾಗಾದರೆ ಟೆಸ್ಟ್ ಎಷ್ಟು ನಂಬಬಹುದು? 1975ರ ಪ್ರಬಂಧದಲ್ಲಿ ಕ್ಯಾನ್ಸರ್‌ಕಾರಕಗಳಲ್ಲಿ ಶೇ 90 ಹಿಡಿಯುತ್ತದೆ ಎಂದಿದೆ. 174ರಲ್ಲಿ 156.

ಲೆಕ್ಕದ_ಮನುಷ್ಯ:
ಆ ಶೇ 90 ಆಮೇಲೆ ಉಳಿಯಲಿಲ್ಲ. 1987ರಲ್ಲಿ ಬೇರೆ 73 ರಾಸಾಯನಿಕ ತೆಗೆದುಕೊಂಡು ಇಲಿ ಪರೀಕ್ಷೆಯ ಜೊತೆ ಹೋಲಿಸಿದರೆ, ಎರಡೂ ಹೊಂದಿದ್ದು ಸುಮಾರು ಶೇ 60. ಮೋಸ ಏನಿಲ್ಲ. 1975ರ ಹೊತ್ತಿಗೆ ಜನರಿಗೆ ಗೊತ್ತಿದ್ದ ಕ್ಯಾನ್ಸರ್‌ಕಾರಕಗಳಲ್ಲಿ ಹೆಚ್ಚಿನವು ನೇರವಾಗಿ ಡಿಎನ್‌ಎಗೆ ಹೊಡೆಯುವ ಬಲಿಷ್ಠರು. ಅವನ್ನು ಈ ಟೆಸ್ಟ್ ಚೆನ್ನಾಗಿ ಹಿಡಿಯುತ್ತದೆ. ಆಮೇಲೆ ಬೇರೆ ಜಾತಿಯವು ಪಟ್ಟಿಗೆ ಸೇರಿದವು.

ಮುಂಗೋಪಿ:
ಕಲ್ನಾರು (ಆಸ್ಬೆಸ್ಟಾಸ್), ಬೆಂಜೀನ್, ಆರ್ಸೆನಿಕ್. ಮೂರೂ ಮನುಷ್ಯರಿಗೆ ಕ್ಯಾನ್ಸರ್ ತರುತ್ತವೆ ಎಂದು ಖಚಿತ. ಮೂರೂ ಏಮ್ಸ್ ಟೆಸ್ಟ್‌ನಲ್ಲಿ ತಪ್ಪಿಸಿಕೊಳ್ಳುತ್ತವೆ. ಈ ಸ್ಲೈಡ್ ಹಾಕದಿದ್ದರೆ ನಾನೇ ಬಂದು ಪ್ರಶ್ನೆ ಕೇಳುತ್ತೇನೆ.

ಹಳೇ_ಅಗರ್:
ಹಾಕು, ಹಾಕು. ಉಲ್ಟಾನೂ ಹಾಕು. ಸೋಡಿಯಂ ಅಜೈಡ್ ಈ ಪ್ಲೇಟ್‌ನಲ್ಲಿ ಭಯಂಕರ ಮ್ಯುಟೇಷನ್ ತರುತ್ತದೆ. ಟೆಸ್ಟ್ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ನಾವೇ ಅದನ್ನು ಪಾಸಿಟಿವ್ ಕಂಟ್ರೋಲ್ ಆಗಿ ಬಳಸುತ್ತೇವೆ. ಇಲಿಗಳಲ್ಲಿ ಕ್ಯಾನ್ಸರ್ ತರಲಿಲ್ಲ. ಹಾಗೆಂದು ನೆಕ್ಕಬೇಡ, ಅದು ಬೇರೆ ರೀತಿ ಕೊಲ್ಲುತ್ತದೆ.

ಆದರೆ ಟೆಸ್ಟ್ ಸುಮ್ನೆ ಎಂದುಕೊಳ್ಳಬೇಡ. ಜಪಾನಿನಲ್ಲಿ ಎಎಫ್-2 ಎಂಬ ಸಂರಕ್ಷಕವನ್ನು ಆಹಾರಕ್ಕೆ ವರ್ಷಗಟ್ಟಲೆ ಹಾಕುತ್ತಿದ್ದರು. ಬ್ಯಾಕ್ಟೀರಿಯಾದಲ್ಲಿ ಬಲವಾಗಿ ಮ್ಯುಟೇಷನ್ ತಂತು, ಆಮೇಲೆ ಪ್ರಾಣಿಗಳಲ್ಲೂ ಕ್ಯಾನ್ಸರ್ ಕಂಡಿತು, 1974ರಲ್ಲಿ ನಿಲ್ಲಿಸಿದರು.

ಮೋಸಹೋಗುವ ಜಾಗವನ್ನೂ ಹೇಳಿಬಿಡುತ್ತೇನೆ. ನಾನು ಹಿಂದೆ ಇದ್ದ ಒಂದು ಲ್ಯಾಬ್‌ನಲ್ಲಿ ಹೊಸದಾಗಿ ಸೇರಿದ ಹುಡುಗಿ ಒಂದು ಗಿಡದ ಸಾರ ಪರೀಕ್ಷಿಸಿದಳು. ಪ್ಲೇಟ್ ತುಂಬಾ ಕಾಲೊನಿ. ಡೋಸ್ ಹೆಚ್ಚಿಸಿದಷ್ಟೂ ಹೆಚ್ಚು. ಬಾಸ್ ಕುಣಿದಾಡಿಬಿಟ್ಟರು, ದೊಡ್ಡ ಸುದ್ದಿ ಎಂದು. ವರದಿ ಅರ್ಧ ಬರೆದೂ ಆಗಿತ್ತು. ಆಮೇಲೆ ಅವಳಿಗೇ ಅನುಮಾನ ಬಂದು ಆ ಸಾರದಲ್ಲಿ ಏನೇನಿದೆ ಎಂದು ನೋಡಿದರೆ, ಪ್ರೋಟೀನ್ ಒಡೆದು ಹಿಸ್ಟಿಡಿನ್ ಬೇಕಾದಷ್ಟಿದೆ. ಬ್ಯಾಕ್ಟೀರಿಯಾಗೆ ಮ್ಯುಟೇಷನ್ ಆಗಿರಲಿಲ್ಲ, ಊಟ ಸಿಕ್ಕಿತ್ತು. ಮೂರು ವಾರದ ಕೆಲಸ ಹೋಯಿತು. ಆ ಹುಡುಗಿ ಈಗ ನನಗಿಂತ ಒಳ್ಳೆಯ ಟಾಕ್ಸಿಕಾಲಜಿಸ್ಟ್.

ತಾಯಿ_ಬೇರು:
ಊಟ ಸಿಕ್ಕಿತ್ತು! ನಗು ತಡೆಯಲಾಗುತ್ತಿಲ್ಲ.

ಬಾಲ್ಕನಿ_ಗಿಡ:
ನನ್ನದೊಂದು ದಡ್ಡ ಪ್ರಶ್ನೆ. ಏನೂ ಹಾಕದೆ ಇಟ್ಟರೆ ಪ್ಲೇಟ್ ಖಾಲಿ ಇರುತ್ತದಾ?

ಹಳೇ_ಅಗರ್:
ದಡ್ಡ ಪ್ರಶ್ನೆಯೇ ಅಲ್ಲ. ಖಾಲಿ ಇರುವುದಿಲ್ಲ. ಟಿಎ98ರಲ್ಲಿ ಮೂವತ್ತರ ಆಸುಪಾಸು ಕಾಲೊನಿ ತಾವಾಗಿಯೇ ಬರುತ್ತವೆ. ಟಿಎ100ರಲ್ಲಿ ನೂರು ದಾಟುವುದು ಮಾಮೂಲು. ಯಾವ ವಿಷವೂ ಬೇಡ, ಡಿಎನ್‌ಎ ನಕಲು ಮಾಡುವಾಗ ತಪ್ಪಾಗುತ್ತಲೇ ಇರುತ್ತದೆ. ರಾಸಾಯನಿಕ ಹಾಕಿದ ಪ್ಲೇಟ್‌ನಲ್ಲಿ ಅದರ ಎರಡು ಪಟ್ಟಾದರೂ ಬಂದರೆ, ಡೋಸ್ ಜೊತೆ ಏರಿದರೆ, ಆಗ ಪಾಸಿಟಿವ್ ಎನ್ನುತ್ತೇವೆ. ಎಣಿಕೆ ಇಷ್ಟಾದರೆ ಅಪಾಯ ಎಂದು ಒಂದು ಪ್ಲೇಟ್ ನೋಡಿ ಹೇಳಲು ಬರುವುದಿಲ್ಲ. ಯಾವಾಗಲೂ ಪಕ್ಕದ ಪ್ಲೇಟ್ ಬೇಕು.

ರಾತ್ರಿ_ಪಾಳಿ:
ಮನುಷ್ಯರಲ್ಲೂ ಅಷ್ಟೇ ಅಲ್ವಾ. ಆಮ್ಲಜನಕ ಬಳಸುವುದರಿಂದಲೇ ಪ್ರತಿ ಜೀವಕೋಶದ ಡಿಎನ್‌ಎಗೆ ದಿನಕ್ಕೆ ಸುಮಾರು 10,000 ಪೆಟ್ಟು ಬೀಳುತ್ತವೆ ಎಂದು ಏಮ್ಸ್ ಅವರೇ ಅಂದಾಜು ಮಾಡಿದ್ದರು. ಹೆಚ್ಚಿನದು ರಿಪೇರಿ ಆಗುತ್ತದೆ. ಪೇಷಂಟ್‌ಗಳು 'ನನ್ನದೇನು ತಪ್ಪು' ಎಂದಾಗ ನಾನು ಒಮ್ಮೊಮ್ಮೆ ಇದನ್ನೇ ಹೇಳುತ್ತೇನೆ. ಕೆಲವರಿಗೆ ಸಮಾಧಾನ ಆಗುತ್ತದೆ. ಕೆಲವರಿಗೆ ಸಿಟ್ಟು ಬರುತ್ತದೆ. ಸಿಟ್ಟು ಬರುವವರನ್ನೂ ತಪ್ಪು ಎನ್ನಲಾರೆ.

ಎರಡನೇ_ವರ್ಷ:
ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ ಕೂತು ಸ್ಲೈಡ್ ಎಲ್ಲ ಮರುಜೋಡಿಸಿದೆ. ಪೈಜಾಮ ಮತ್ತು ಕಾಫಿ ಎರಡನ್ನೂ ಒಂದೇ ಸ್ಲೈಡ್‌ಗೆ ತಂದು ಎರಡರ ಪಕ್ಕ ಪ್ರಮಾಣ ಬರೆದಿದ್ದೇನೆ. 'ಮಾತು ಬದಲಿಸಿದರು' ಎನ್ನುವುದನ್ನು ತೆಗೆದಿಲ್ಲ. ಕಾರ್ಖಾನೆ ರಾಸಾಯನಿಕಗಳ ಬಗ್ಗೆ ಅವರ ಅಭಿಪ್ರಾಯ ನಿಜಕ್ಕೂ ಬದಲಾಯಿತು. ಅದರ ಕೆಳಗೆ 52ರಲ್ಲಿ 27 ಹಾಕಿದ್ದೇನೆ, ಮುಂಗೋಪಿ ಸರ್ ಹೇಳಿದ ಆಯ್ಕೆಯ ತಕರಾರೂ ಇದೆ. ಕಲ್ನಾರು, ಬೆಂಜೀನ್, ಆರ್ಸೆನಿಕ್ ದೊಡ್ಡ ಅಕ್ಷರದಲ್ಲಿವೆ.

ಕೊನೆಯ ಸ್ಲೈಡ್ ಬರೀ ಒಂದು ಫೋಟೋ. ನಮ್ಮ ಲ್ಯಾಬ್‌ನಲ್ಲೇ ತೆಗೆದದ್ದು, ಏನೂ ಹಾಕದ ಕಂಟ್ರೋಲ್ ಪ್ಲೇಟ್. 118 ಕಾಲೊನಿ ಎಣಿಸಿದೆ.

ಮುಂಗೋಪಿ:
ಪ್ರಶ್ನೆ ಕೇಳಲು ಬರಬೇಕು ಎಂದುಕೊಂಡಿದ್ದೆ, ಅವಕಾಶವೇ ಕೊಡಲಿಲ್ಲ ನೀನು.

ಹಳೇ_ಅಗರ್:
ಫೋಟೋ ಕೆಳಗೆ ತಳಿಯ ಹೆಸರು ಬರೆ ತಮ್ಮಾ. ಟಿಎ100 ಆದರೆ 118 ಸರಿ. ಟಿಎ98 ಆದರೆ ನಿನ್ನ ಪ್ಲೇಟ್ ಕೆಟ್ಟಿದೆ, ಮತ್ತೆ ಮಾಡಬೇಕು.

ಎರಡನೇ_ವರ್ಷ:
ಟಿಎ100 ಸರ್. ಈಗಲೇ ಬರೆಯುತ್ತೇನೆ.

ಸುಮ್ನೆ_ನೋಡುವವ:
ಕಾಫಿ ಮತ್ತೆ ಬಿಸಿ ಮಾಡಿಕೊಂಡು ಬಂದೆ. 65 ಡಿಗ್ರಿ ದಾಟಿದೆಯಾ ಎಂದು ನೋಡಲು ಮನೆಯಲ್ಲಿ ಜ್ವರ ನೋಡುವ ಥರ್ಮಾಮೀಟರ್ ಮಾತ್ರ ಇದೆ.

ರಾತ್ರಿ_ಪಾಳಿ:
ಅದನ್ನು ಅದ್ದಬೇಡಿ, ಒಡೆಯುತ್ತದೆ. ಐದು ನಿಮಿಷ ಕಾಯಿರಿ.